ಹೆಸರು ಅಳಿದ ಪಂಪು

"ಅಜ್ಜಾರ, ಹೆಸರು ಹೇಳಲಾರದ ಮನಶ್ಯಾ ಎಂಥಾವ ಅಂತ ತಿಳಕೊಳ್ಳೂದು ಹ್ಯಾಂಗ್ರಿ?"

ಶಿಷ್ಯ ಮುರಿಗೆಪ್ಪ ಹೀಗೆ ಕೇಳಿದಾಗ ಕಲ್ಲುಬಾವಿ ಮಠದ ಗುರುಗಳು ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದ ತಕ್ಷಣ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಕೇಳಿದವನಿಗೆ ಬೇಕಾಗಿರುವುದು ಉತ್ತರವೋ ಅಪ್ಪಣೆಯೋ ಎಂದು ಮೊದಲು ನೋಡುತ್ತಿದ್ದರು. ಮುರಿಗೆಪ್ಪನಿಗೆ ಬೇಕಾಗಿದ್ದುದು ಅಪ್ಪಣೆ.

ಸಂಗತಿ ಇಷ್ಟು. ಐದು ದಿನದ ಹಿಂದೆ ಒಬ್ಬ ಮನುಷ್ಯ ಮಠಕ್ಕೆ ಬಂದಿದ್ದ. ವಯಸ್ಸು ಐವತ್ತರ ಆಚೆ. ಕೈಯಲ್ಲಿ ಒಂದು ಬಟ್ಟೆಯ ಗಂಟು, ಕಾಲಲ್ಲಿ ಸವೆದ ಚಪ್ಪಲಿ. ಇಲ್ಲಿಯೇ ಇದ್ದು ಕೆಲಸ ಮಾಡಿಕೊಂಡಿರುತ್ತೇನೆ ಎಂದ. ಮಠದಲ್ಲಿ ಯಾರು ಬೇಕಾದರೂ ಬಂದು ಉಣ್ಣಬಹುದು, ಮೂರು ದಿನ ತಂಗಬಹುದು. ಅದಕ್ಕಿಂತ ಹೆಚ್ಚು ಇರುವವರ ಹೆಸರು, ತಂದೆಯ ಹೆಸರು, ಊರು ಮಠದ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ಬರೆಯುವವನು ಮುರಿಗೆಪ್ಪ. ಅವನು ಕೇಳಿದ, ಆ ಮನುಷ್ಯ ಹೇಳಲಿಲ್ಲ. ಮತ್ತೆ ಕೇಳಿದ.

"ಹೇಳಂಗಿಲ್ರಿ," ಎಂದ ಆ ಮನುಷ್ಯ. "ಸುಳ್ಳ ಹೆಸರು ಹೇಳೂದು ಅಗದಿ ಸರಳ ಐತಿ. ಮಠದಾಗ ಸುಳ್ಳು ಹೇಳಬಾರದಂತ ಸುಮ್ಮನ ಅದೀನ್ರಿ."

ಇಂಥ ಉತ್ತರ ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ಮುರಿಗೆಪ್ಪ ಕಲ್ಲೆದೆಯವನಲ್ಲ. ಹಿಂದಿನ ವರ್ಷ ಒಬ್ಬ ಬಂದಿದ್ದ. ಹೆಸರು, ತಂದೆಯ ಹೆಸರು, ಊರು, ಆ ಊರಿನ ಹಿರಿಯರೊಬ್ಬರ ಪತ್ರ, ಎಲ್ಲ ಇತ್ತು. ಮುರಿಗೆಪ್ಪ ಖುಷಿಯಿಂದ ಬರೆದುಕೊಂಡ. ಎರಡು ತಿಂಗಳಾದ ಮೇಲೆ ಆ ಮನುಷ್ಯ ಹೋದ. ಅವನ ಜೊತೆ ದಾಸೋಹದ ಮನೆಯ ತಾಮ್ರದ ಹಂಡೆಯೂ ಹೋಯಿತು. ನೂರು ವರ್ಷದ ಹಂಡೆ ಅದು. ಈಗ ಒಲೆಯ ಮೇಲೆ ಅಲ್ಯುಮಿನಿಯಂ ಪಾತ್ರೆ ಇದೆ. ಅದನ್ನು ನೋಡಿದಾಗಲೆಲ್ಲ ಮುರಿಗೆಪ್ಪನಿಗೆ ತನ್ನ ಕೈಯಾರೆ ಮಠಕ್ಕೆ ಕನ್ನ ಕೊರೆದಂತೆ ಸಂಕಟವಾಗುತ್ತಿತ್ತು. ಎಲ್ಲ ಹೇಳಿದವನೇ ಹಾಗೆ ಮಾಡಿದ ಮೇಲೆ ಏನೂ ಹೇಳದವನನ್ನು ನಂಬುವುದು ಹೇಗೆ ಎಂಬುದು ಅವನ ಲೆಕ್ಕ.

ಪುಸ್ತಕದ ಮೇಲೆ ಅವನಿಗೆ ಇನ್ನೊಂದು ಕಾರಣಕ್ಕೂ ಮಮತೆ ಇತ್ತು. ಮೊದಲು ಅದನ್ನು ಗುರುಗಳೇ ಬರೆಯುತ್ತಿದ್ದರು. ಮೂರು ವರ್ಷದ ಕೂಸಾಗಿದ್ದಾಗ ಮಠಕ್ಕೆ ಬಂದ ಮುರಿಗೆಪ್ಪನ ಸಾಲೂ ಅವರ ಕೈಬರಹದಲ್ಲಿಯೇ ಇತ್ತು. ತಂದೆ ಚನ್ನಮಲ್ಲಪ್ಪ, ಊರು ಹೊನ್ನಗನೂರು. ತಂದೆಯ ಮುಖ ಅವನಿಗೆ ನೆನಪಿಲ್ಲ. ಆದರೆ ಆ ಸಾಲನ್ನು ಆಗಾಗ ತೆಗೆದು ಓದುತ್ತಿದ್ದ. ಮಠಕ್ಕೆ ಬಂದವರನ್ನು ಹೊನ್ನಗನೂರು ಎಲ್ಲಿದೆ ಎಂದು ಕೇಳುತ್ತಿದ್ದ. ಹೊಳೆಯ ಆಚೆ ಇರಬೇಕು ಎಂದವರುಂಟು. ಹೋಗಿ ನೋಡಿದವರು ಸಿಕ್ಕಿರಲಿಲ್ಲ. ಒಮ್ಮೆ ಹೋಗಿ ಬರುತ್ತೇನೆ ಎಂದು ಗುರುಗಳನ್ನು ಕೇಳಿದರೆ ಅವರು, ಈ ಸುಗ್ಗಿ ಮುಗೀಲಿ ತಡಿ, ಎನ್ನುತ್ತಿದ್ದರು. ಸುಗ್ಗಿಗಳು ಮುಗಿಯುತ್ತಲೇ ಇದ್ದವು.

"ಈ ಹೊತ್ತು ಸಂಜೀಕ ಹೊರಗ ನಡಿ ಅಂತ ಅವಗ ಹೇಳೀನ್ರಿ," ಎಂದ ಮುರಿಗೆಪ್ಪ.

"ಹೇಳಿ ಆದ ಮ್ಯಾಲೆ ನನ್ನ ಯಾಕ ಕೇಳಾಕತ್ತಿ?"

"ಮನಸ್ಸು ಒಪ್ಪವಲ್ದ್ರಿ."

"ಹಂಗಾರ ಕೂಡು. ಕೈ ಖಾಲಿ ಇಟಗೊಂಡು ಕತಿ ಕೇಳಬಾರದು, ಅವರಿಕಾಯಿ ಸುಲಿ."

ಮುರಿಗೆಪ್ಪ ಕುಳಿತ. ಗುರುಗಳು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಅವನಿಗೆ ನಾಲ್ಕು ಎಕರೆ ದ್ರಾಕ್ಷಿ ತೋಟ. ಬಳ್ಳಿಯ ಸಾಲುಗಳ ನಡುವೆ ಜಾಗ ಇಕ್ಕಟ್ಟು. ದೊಡ್ಡ ಟ್ರ್ಯಾಕ್ಟರು ಅಲ್ಲಿ ತೂರಲಾರದು. ಅದಕ್ಕೆ ಅವನ ತಂದೆ ಒಂದು ಸಣ್ಣ ತೋಟದ ಟ್ರ್ಯಾಕ್ಟರು ತಂದಿದ್ದ. ಸಮುದ್ರದಾಚೆಯ ಯಾವುದೋ ದೇಶದಲ್ಲಿ ದುಡಿದು, ಅಲ್ಲಿಯವರಿಗೆ ಬೇಡವಾಗಿ, ಹಡಗು ಹತ್ತಿ ಬಂದ ಯಂತ್ರ ಅದು. ತಂದೆ ಹೋದ. ಯಂತ್ರ ಉಳಿಯಿತು. ಮಗ ಅದನ್ನು ತಂದೆಯಷ್ಟೇ ಪ್ರೀತಿಯಿಂದ ನೋಡಿಕೊಂಡ.

ಆ ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳು. ಆ ತೋಳಿಗೆ ಔಷಧ ಹೊಡೆಯುವ ಟ್ಯಾಂಕು ಸಿಕ್ಕಿಸುತ್ತಾರೆ. ಎಂಜಿನ್ನಿನ ಪಕ್ಕದಲ್ಲಿ ಅಂಗೈಯಗಲದ ಒಂದು ಪಂಪು. ಎಂಜಿನ್ನು ಅದನ್ನು ತಿರುಗಿಸುತ್ತದೆ. ಅದು ಒಂದು ಕಡೆಯಿಂದ ಎಣ್ಣೆ ಎಳೆದು ಇನ್ನೊಂದು ಕಡೆಗೆ ಒತ್ತಿ ಕೊಡುತ್ತದೆ. ಆ ಒತ್ತಡಕ್ಕೆ ತೋಳು ಮೇಲೇಳುತ್ತದೆ, ತೋಳಿನ ಜೊತೆ ಟ್ಯಾಂಕೂ ಏಳುತ್ತದೆ. ಪಂಪು ಇಷ್ಟೇ. ಕಣ್ಣಿಗೆ ಬೀಳುವ ವಸ್ತುವಲ್ಲ. ಅದು ನಿಂತರೆ ಮಾತ್ರ ಅದು ಇತ್ತೆಂದು ತಿಳಿಯುತ್ತದೆ.

ಒಂದು ವರ್ಷ ಹೊಸ ಚಿಗುರಿಗೆಂದು ಬಳ್ಳಿ ಕತ್ತರಿಸಿ ನಲವತ್ತು ದಿನವಾಗಿತ್ತು. ಗೊನೆಗಳು ಹೂವಿನಲ್ಲಿದ್ದವು. ಆಗ ಮೋಡ ಮುಚ್ಚಿತು. ದ್ರಾಕ್ಷಿ ಬೆಳೆಯುವವನಿಗೆ ಹೂವಿನ ಕಾಲದ ಮೋಡದಷ್ಟು ಕೆಟ್ಟ ನೆಂಟ ಬೇರೆ ಇಲ್ಲ. ಮೋಡದ ಹಿಂದೆ ಬೂಜು ರೋಗ ಬರುತ್ತದೆ. ಹೊತ್ತಿಗೆ ಸರಿಯಾಗಿ ಔಷಧ ಹೊಡೆಯದಿದ್ದರೆ ಗೊನೆ ಕರಗಿ ಉದುರುತ್ತದೆ, ಒಂದು ವರ್ಷದ ಬಾಳು ಮಣ್ಣುಪಾಲು. ರೈತ ಬೆಳಿಗ್ಗೆ ಎದ್ದು ಟ್ಯಾಂಕಿನಲ್ಲಿ ಔಷಧ ಕಲಸಿದ, ಟ್ರ್ಯಾಕ್ಟರು ಚಾಲೂ ಮಾಡಿ ತೋಳು ಎತ್ತುವ ಹಿಡಿಕೆ ಎಳೆದ. ತೋಳು ಏಳಲಿಲ್ಲ. ಎಣ್ಣೆ ಬದಲಿಸಿದ. ಏಳಲಿಲ್ಲ. ಕೈ ಮುಗಿದ. ಅದಕ್ಕೂ ಏಳಲಿಲ್ಲ. ಪಕ್ಕದ ತೋಟದವರಲ್ಲಿಯೂ ಸಣ್ಣ ಟ್ರ್ಯಾಕ್ಟರುಗಳಿದ್ದವು. ಆದರೆ ಮೋಡ ಎಲ್ಲರ ತೋಟದ ಮೇಲೂ ಇತ್ತು, ಯಾರೂ ಕೊಡುವ ಸ್ಥಿತಿಯಲ್ಲಿರಲಿಲ್ಲ.

ರೈತ ಬೋಲ್ಟು ಬಿಚ್ಚಿ ಪಂಪನ್ನು ಕಳಚಿ ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋದ. ಅಲ್ಲಿ ಯಂತ್ರದ ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿಯಿದ್ದ.

ವ್ಯಾಪಾರಿ ಪಂಪನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಕೇಳಿದ, "ಯಾವ ಕಂಪನೀದು? ನಂಬರ್ ಎಷ್ಟು?"

ರೈತನಿಗೆ ಗೊತ್ತಿರಲಿಲ್ಲ. ಆದರೆ ಪಂಪಿನ ಮೈಮೇಲೆ ಒಂದು ಸಪಾಟಾದ ಪಟ್ಟಿ ಇತ್ತು. ಇಂಥ ಪಟ್ಟಿಯಲ್ಲಿಯೇ ಹೆಸರು, ನಂಬರು ಕೊರೆದಿರುತ್ತಾರೆ. ಪಟ್ಟಿಯ ಮೇಲೆ ಬಣ್ಣ ದಪ್ಪಗೆ ಕೂತಿತ್ತು. ರೈತ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಚಾಕುವಿನಿಂದ ಕೆರೆದ. ಕೆಂಪು ಬಂತು. ಕೆಂಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಕೆಂಪು, ಅದರ ಕೆಳಗೆ ಹಳದಿ. ನಡುನಡುವೆ ಎಣ್ಣೆ ಕುಂಕುಮದ ಕರಿ ಪದರ. ಹೊತ್ತು ಇಳಿಯುವವರೆಗೆ ಕೆರೆದ. ಕೊನೆಗೆ ಲೋಹ ಬಂತು. ಲೋಹದ ಮೇಲೆ ಒಂದಕ್ಷರವೂ ಇರಲಿಲ್ಲ. ಕನ್ನಡಿಯ ಹಾಗೆ ನುಣ್ಣಗಿತ್ತು.

ಆದದ್ದು ಹೀಗೆ. ಪ್ರತಿ ವರ್ಷ ಆಯುಧ ಪೂಜೆಗೆ ಅವರ ಮನೆಯಲ್ಲಿ ಟ್ರ್ಯಾಕ್ಟರಿಗೆ ಹೊಸ ಬಣ್ಣ ಹಚ್ಚುತ್ತಿದ್ದರು. ಬಣ್ಣ ಗಟ್ಟಿಯಾಗಿ ಹಿಡಿಯಲಿ ಎಂದು ಮೊದಲು ಉಜ್ಜುವ ಕಾಗದದಿಂದ ಮೈಯೆಲ್ಲ ಚೆನ್ನಾಗಿ ಉಜ್ಜುತ್ತಿದ್ದರು. ಉಳಿದ ಕಡೆ ಉಬ್ಬು ತಗ್ಗು, ಕೈ ಸರಿಯಾಗಿ ಓಡುವುದಿಲ್ಲ. ಆ ಪಟ್ಟಿ ಸಪಾಟಾಗಿತ್ತು. ಅಲ್ಲಿ ಉಜ್ಜಲು ಹಗುರ, ವಿಭೂತಿ ಹಚ್ಚಲೂ ಜಾಗ ಚಂದ. ತಂದೆ ಅಲ್ಲಿಯೇ ಹೆಚ್ಚು ಉಜ್ಜಿದ್ದ. ಮಗನೂ ಅಲ್ಲಿಯೇ ಹೆಚ್ಚು ಉಜ್ಜಿದ್ದ.

"ಪೂಜಿ ಒಂದ ವರ್ಷಾನೂ ತಪ್ಪಿಸಿಲ್ರಿ," ಎಂದ ರೈತ.

"ತಪ್ಪಿಸಿದ್ರ ನಂಬರ್ ಉಳೀತಿತ್ತು ನೋಡ್ರಿ," ಎಂದ ವ್ಯಾಪಾರಿ.

ಇಲ್ಲಿ ಮುರಿಗೆಪ್ಪನಿಗೆ ನಗು ಬಂತು. ಗುರುಗಳು ಕತೆ ನಿಲ್ಲಿಸಿದರು.

"ನಗಬ್ಯಾಡ. ಹ್ವಾದ ವರ್ಷ ನಮ್ಮ ಗಂಟಿಗೆ ಬಂಗಾರದ ಬಣ್ಣಾ ಹೊಡಿಸಿದವರು ಯಾರು?"

ಬಣ್ಣ ಹೊಡೆಸಿದವನು ಮುರಿಗೆಪ್ಪನೇ. ಅಂದಿನಿಂದ ಆ ಗಂಟೆ ಬಾರಿಸಿದರೆ ತಟ್ಟೆ ಬಡಿದ ಹಾಗೆ ಕೇಳುತ್ತಿತ್ತು. ಅವನು ತಲೆ ತಗ್ಗಿಸಿ ಅವರೆಕಾಯಿ ಸುಲಿದ. ಗುರುಗಳು ಮುಂದುವರಿಸಿದರು.

ವ್ಯಾಪಾರಿ ಕೆಟ್ಟವನಲ್ಲ. ರೈತನ ಮುಖ ನೋಡಿ ಅವನಿಗೂ ಕನಿಕರವಾಯಿತು. ತನ್ನಲ್ಲಿದ್ದ ನಾಲ್ಕೈದು ಪಂಪುಗಳನ್ನು ಹಲಗೆಯ ಮೇಲೆ ಇಟ್ಟ. ಅದರಲ್ಲಿ ಒಂದನ್ನು ನೋಡಿ ರೈತನಿಗೆ ಜೀವ ಬಂದಂತಾಯಿತು. ಅದೇ ಗಾತ್ರ, ಅದೇ ಆಕಾರ. ಬೋಲ್ಟಿನ ತೂತುಗಳು ಕೂಡ ಅದೇ ಅಳತೆಗೆ ಕೂತವು. ಬಣ್ಣವೂ ಕೆಂಪೇ. ಮೇಲಾಗಿ ಅದರ ಮೈಮೇಲೆ ಹೊಳೆಯುವ ಪಟ್ಟಿ ಇತ್ತು. ಕಂಪನಿಯ ಹೆಸರು, ನಂಬರು, ಮಾಡಿದ ದೇಶ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಇದು ಆಗುತ್ತದೆಂದು ನಾನು ಹೇಳಲಾರೆ ಎಂದು ವ್ಯಾಪಾರಿ ಅಂದ. ರೈತನಿಗೆ ಅದು ಕೇಳಿಸಲೇ ಇಲ್ಲ. ಅವನ ಕಣ್ಣು ಪಟ್ಟಿಯ ಮೇಲಿತ್ತು. ತನ್ನ ಪಂಪಿಗೆ ಇಲ್ಲದ್ದು ಇದಕ್ಕಿದೆ ಎಂದು ಅವನಿಗೆ ಸಮಾಧಾನವಾಗಿತ್ತು.

ಮರುದಿನ ಬೆಳಿಗ್ಗೆ ಅದನ್ನು ಜೋಡಿಸಿದ. ಬೋಲ್ಟು ಬಿಗಿದ. ಪೈಪು ಸಿಕ್ಕಿಸಿದ. ಊದುಬತ್ತಿ ಹಚ್ಚಿದ. ಎಂಜಿನ್ನು ಚಾಲೂ ಮಾಡಿದ. ತೋಳು ಅಲುಗಲಿಲ್ಲ. ಅವನು ಬಗ್ಗಿ ನೋಡುವಷ್ಟರಲ್ಲಿ ಎಣ್ಣೆ ಸೋರದಂತೆ ತಡೆಯುವ ಪಂಪಿನ ಸೀಲು ಒಡೆದು ಕಿತ್ತು ಬಂತು. ಎಣ್ಣೆ ಅವನ ಮುಖಕ್ಕೆ ಸಿಡಿಯಿತು. ಹೊಸ ಪಂಪು ಒಂದು ನಿಮಿಷವೂ ಬಾಳಲಿಲ್ಲ. ಅದರ ಪಟ್ಟಿ ಮಾತ್ರ ಹಾಗೆಯೇ ಹೊಳೆಯುತ್ತಿತ್ತು.

ಮುರಿಗೆಪ್ಪನ ಕೈ ನಿಂತಿತು. ಅವನಿಗೆ ತಾಮ್ರದ ಹಂಡೆ ನೆನಪಾಯಿತು. ಗುರುಗಳು ಅವನನ್ನು ನೋಡಿ ಕತೆ ಮುಂದುವರಿಸಿದರು.

ರೈತ ತೋಟದ ಕೆಳಗಿನ ಅಂಚಿಗೆ ಹೋಗಿ ನೋಡಿದ. ಹಳ್ಳದ ಕಡೆಯ ನಾಲ್ಕು ಸಾಲಿನಲ್ಲಿ ಬೂಜು ಕಾಣಿಸಿಕೊಂಡಿತ್ತು. ಎಲೆ ತಿರುವಿದರೆ ಅಡಿಯಲ್ಲಿ ಬೆಳ್ಳಗೆ. ಅವನು ಬಳ್ಳಿಯ ಕೆಳಗೆ ಕುಳಿತು ಅತ್ತ. ಗಂಡಸು ಅಳಬಾರದು ಎನ್ನುವವರು ಹೂವಿನಲ್ಲಿರುವ ಗೊನೆ ಕರಗುವುದನ್ನು ನೋಡಿಲ್ಲ.

ಅವನ ಹೆಂಡತಿ ಎರಡು ಪಂಪನ್ನೂ ಚೀಲಕ್ಕೆ ಹಾಕಿ ಅವನ ಮುಂದಿಟ್ಟಳು. ಹತ್ತಿ ಗಿರಣಿಯ ಹಿಂದೆ ಒಬ್ಬ ಮುದಿ ಮಿಸ್ತ್ರಿ ಇದ್ದಾನೆ, ಅವನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದಳು. ಪೇಟೆಗೆ ಹೋಗುವ ಮೊದಲೇ ಹೇಳಿದ್ದಳು. ಆಗ ರೈತ ಕಿವಿಗೆ ಹಾಕಿಕೊಂಡಿರಲಿಲ್ಲ. ಮಿಸ್ತ್ರಿಯ ಅಂಗಡಿಗೆ ಹೆಸರಿನ ಬೋರ್ಡು ಇಲ್ಲ, ಅಂಥಲ್ಲಿ ಏನು ಕೆಲಸವಾದೀತು ಎಂದಿದ್ದ.

ಈಗ ಹೋದ. ಮಿಸ್ತ್ರಿ ಒಂದು ಮುರುಕು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ರೈತ ಹಳೆಯ ಪಂಪನ್ನು ಮುಂದಿಟ್ಟು ಅದರ ಕತೆ ಹೇಳತೊಡಗಿದ. ತಂದೆ ಅದನ್ನು ಯಾವ ವರ್ಷ ತಂದ, ಯಾವ ಬಂದರಿನಲ್ಲಿ ಇಳಿಯಿತು, ಬಂದಾಗ ಯಾವ ಬಣ್ಣವಿತ್ತು, ಯಾರು ಯಾರು ಅದಕ್ಕೆ ಆರತಿ ಎತ್ತಿದರು ಎಂದೆಲ್ಲ.

"ಅದರ ವಂಶಾವಳಿ ನನಗ ಬ್ಯಾಡ," ಎಂದ ಮಿಸ್ತ್ರಿ. "ದಪ್ಪ ಪೈಪು ಯಾವ ತೂತಿಗಿತ್ತು? ಅಷ್ಟ ಹೇಳು."

ರೈತ ತೋರಿಸಿದ. ದಪ್ಪ ಪೈಪು ಎಣ್ಣೆಯನ್ನು ಒಳಗೆ ತರುವುದು. ಅಷ್ಟು ಅವನಿಗೆ ಗೊತ್ತಿತ್ತು.

ಮಿಸ್ತ್ರಿ ಪಂಪಿನೊಳಗೆ ತುಸು ಎಣ್ಣೆ ಬಿಟ್ಟ. ದಪ್ಪ ತೂತಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದ. ಇನ್ನೊಂದು ಕೈಯಿಂದ ಪಂಪಿನ ದಂಡವನ್ನು ಬಲಕ್ಕೆ ತಿರುಗಿಸಿದ. ಬೆರಳನ್ನು ಅದು ಹೊರಕ್ಕೆ ತಳ್ಳಿತು. ಎಡಕ್ಕೆ ತಿರುಗಿಸಿದ. ಬೆರಳು ಒಳಕ್ಕೆ ಕಚ್ಚಿಕೊಂಡಿತು. ಕೂಸು ಬೆರಳು ಚೀಪಿದ ಹಾಗೆ ಎಳೆಯಿತು. ಮಿಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಬಾಣ ಬರೆದ, ಎಡಕ್ಕೆ.

ಆಮೇಲೆ ಪೇಟೆಯ ಪಂಪನ್ನು ತೆಗೆದುಕೊಂಡ. ಅದಕ್ಕೂ ಹಾಗೆಯೇ ಬೆರಳು ಇಟ್ಟ. ಅದು ಬಲಕ್ಕೆ ತಿರುಗಿಸಿದಾಗ ಎಳೆಯಿತು.

"ಇದು ಬಲಕ್ಕ ತಿರಗೂದು. ನಿನ್ನ ಎಂಜಿನ್ ಎಡಕ್ಕ ತಿರಗಸ್ತೈತಿ. ಮಾರಿ ಒಂದ ನಮೂನಿ ಇದ್ರ ಸಾಕೇನು? ಒತ್ತಡ ಎಲ್ಲಾ ಬರಬಾರದ ಕಡೆ ಬಂತು, ಸೀಲು ಹಾರಿತು. ಅದರದೇನೂ ತಪ್ಪಿಲ್ಲ. ತನ್ನ ದಿಕ್ಕಿಗೆ ಇದೂ ಛಲೋನ ಐತಿ."

ರೈತನಿಗೆ ಅವಸರ. ಇನ್ನೂ ಏನು ನೋಡುತ್ತಿ, ಬೇಗ ಒಂದು ಕೊಡು ಎಂದ. ಮಿಸ್ತ್ರಿ ಅವನನ್ನು ಬೈದು ಕೂಡಿಸಿದ. ದಂಡದ ತುದಿಯ ಹಲ್ಲು ಎಣಿಸಿದ, ಎಣಿಸಿದ್ದನ್ನು ನೆಲದ ಮೇಲೆ ಬರೆದ. ತೂತಿನಿಂದ ತೂತಿಗೆ ಎಷ್ಟು ದೂರವೆಂದು ದಾರ ಹಿಡಿದು ಅಳೆದ. ಆಮೇಲೆ ತಾನು ಚಹಾ ಕುಡಿದ ಗಾಜಿನ ಗ್ಲಾಸನ್ನು ಒರೆಸಿ ಸಣ್ಣ ತೂತಿನ ಕೆಳಗೆ ಹಿಡಿಯುವಂತೆ ರೈತನಿಗೆ ಹೇಳಿದ. ದಪ್ಪ ತೂತಿಗೆ ಎಣ್ಣೆಯ ನಳಿಕೆ ಸಿಕ್ಕಿಸಿ ದಂಡವನ್ನು ಎಡಕ್ಕೆ ಇಪ್ಪತ್ತು ಸುತ್ತು ತಿರುಗಿಸಿದ. ಗ್ಲಾಸು ತುಂಬಲು ಎರಡು ಬೆರಳು ಕಡಿಮೆಯಾಯಿತು.

"ಸವದೈತಿ," ಎಂದ ಮಿಸ್ತ್ರಿ. "ಹೊಸದಿದ್ದಾಗ ಗ್ಲಾಸ್ ತುಂಬಿಸಿರತೈತಿ."

ಎದ್ದು ಹಿತ್ತಲಿಗೆ ಹೋದ. ಅಲ್ಲಿ ತುಕ್ಕು ಹಿಡಿದ ಯಂತ್ರಗಳ ರಾಶಿ. ಅರ್ಧ ಗಂಟೆ ಹುಡುಕಿ ಒಂದು ಪಂಪು ತಂದ. ಅದು ಟ್ರ್ಯಾಕ್ಟರಿನದೇ ಅಲ್ಲ. ಗಿರಣಿಯಲ್ಲಿ ಹತ್ತಿಯ ಬೇಲು ಎತ್ತುತ್ತಿದ್ದ ಯಾವುದೋ ಗಾಡಿಯದು. ಕಪ್ಪಗೆ, ಒಂದು ಮೂಲೆ ಜಜ್ಜಿಹೋಗಿ, ನೋಡಿದರೆ ಕೈಯಲ್ಲಿ ಹಿಡಿಯಲು ಮನಸ್ಸು ಬಾರದಂತಿತ್ತು. ಅದರ ಪಟ್ಟಿಯೂ ಯಾವಾಗಲೋ ಉದುರಿಹೋಗಿತ್ತು. ಮಿಸ್ತ್ರಿ ಅದನ್ನು ತೊಳೆದ. ಬೆರಳು ಇಟ್ಟು ನೋಡಿದ. ಎಡಕ್ಕೆ ಎಳೆಯಿತು. ಹಲ್ಲು ಎಣಿಸಿದ. ಇಪ್ಪತ್ತು ಸುತ್ತು ತಿರುಗಿಸಿದ. ಗ್ಲಾಸು ಅಂಚಿನವರೆಗೆ ತುಂಬಿತು.

ಬೋಲ್ಟಿನ ತೂತು ಮಾತ್ರ ಹೊಂದಲಿಲ್ಲ. ಮಿಸ್ತ್ರಿ ನಡುವೆ ಕೂಡಿಸಲು ಒಂದು ದಪ್ಪ ತಗಡು ಕತ್ತರಿಸಿ, ಎರಡೂ ಅಳತೆಯ ತೂತು ಕೊರೆದು ಕೊಟ್ಟ. ತೂತು ಹೊಂದದಿದ್ದರೆ ಹೊಂದಿಸಬಹುದು, ಅದು ನಮ್ಮ ಕೈಯಲ್ಲಿದೆ. ತಿರುಗುವ ದಿಕ್ಕು ನಮ್ಮ ಕೈಯಲ್ಲಿಲ್ಲ ಎಂದ. ಇಷ್ಟು ಹೊತ್ತಿನಲ್ಲಿ ಅವನು ಬೈಯದೆ ಆಡಿದ ಮಾತು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಪಂಪು ಟ್ರ್ಯಾಕ್ಟರಿನ ಮೇಲೆ ಕೂತಿತು. ರೈತ ಹಿಡಿಕೆ ಎಳೆಯಲು ಹೆದರಿದ. ಹೆಂಡತಿ ಎಳೆದಳು. ತೋಳು ಎದ್ದಿತು. ಟ್ಯಾಂಕು ಎದ್ದಿತು. ಸಂಜೆಯೊಳಗೆ ನಾಲ್ಕು ಎಕರೆಗೂ ಔಷಧ ಬಿತ್ತು. ಹಳ್ಳದ ಕಡೆಯ ನಾಲ್ಕು ಸಾಲು ಉಳಿಯಲಿಲ್ಲ. ಉಳಿದ ತೋಟ ಉಳಿಯಿತು. ಪಟ್ಟಿ ಕೆರೆಯುತ್ತ ಕುಳಿತ ಒಂದು ದಿನ, ಪಟ್ಟಿ ನೋಡಿ ತಂದ ಪಂಪಿಗೆ ಹೋದ ಇನ್ನೊಂದು ಬೆಳಗು, ಆ ನಾಲ್ಕು ಸಾಲುಗಳನ್ನು ತಿಂದವು ಅವೇ.

ಮುಂದಿನ ಆಯುಧ ಪೂಜೆ ಬಂತು. ರೈತ ಟ್ರ್ಯಾಕ್ಟರನ್ನೆಲ್ಲ ಉಜ್ಜಿದ. ಆ ಕರಿ ಪಂಪಿನ ಹತ್ತಿರ ಬಂದಾಗ ಕಾಗದವನ್ನು ಕೆಳಗಿಟ್ಟ. ಅದಕ್ಕೆ ಬಣ್ಣ ಹಚ್ಚಲಿಲ್ಲ. ಜಜ್ಜಿದ ಮೂಲೆಗೆ ಒಂದು ಬೆರಳು ವಿಭೂತಿ ಹಚ್ಚಿ ಕೈ ಮುಗಿದ. ಕೆಂಪು ಟ್ರ್ಯಾಕ್ಟರಿನಲ್ಲಿ ಅದೊಂದು ಕಪ್ಪಾಗಿ ಎದ್ದು ಕಾಣುತ್ತಿತ್ತು. ನೆರೆಯವರು ಬಂದು, ಇದು ಯಾವ ಕಂಪನಿಯದು ಎಂದು ಕೇಳಿದರು. ರೈತ ಹೇಳಿದ, "ಎಡಕ್ಕ ತಿರಗತೈತಿ. ನನ್ನ ಟ್ಯಾಂಕ್ ಎತ್ತತೈತಿ."

ಕತೆ ಇಲ್ಲಿಗೆ ಮುಗಿಯಿತು. ಗುರುಗಳು ಸುಲಿದ ಕಾಳನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಮಾಡಿದರು. ಅಂಗಳದಲ್ಲಿ ಬಿಸಿಲು ತೆಂಕಣ ಗೋಡೆಯನ್ನು ಬಿಟ್ಟಿತ್ತು. ಸಂಜೆಗೆ ಇನ್ನು ಬಹಳ ಹೊತ್ತಿರಲಿಲ್ಲ.

"ಐದ ದಿನಾ ಆತು," ಎಂದರು ಗುರುಗಳು. "ಆ ಮನಶ್ಯಾ ಏನ್ ತಗೊಂಡ? ಏನ್ ಕೊಟ್ಟ?"

ಐದು ದಿನವೂ ಮುರಿಗೆಪ್ಪ ಆ ಮನುಷ್ಯನ ಬಾಯನ್ನೇ ನೋಡಿದ್ದ. ಅದರಿಂದ ಹೆಸರು ಯಾವಾಗ ಬಿದ್ದೀತು ಎಂದು. ಕೈ ನೋಡಿರಲಿಲ್ಲ. ಈಗ ಯೋಚಿಸಿದಾಗ ಒಂದೊಂದೇ ನೆನಪಿಗೆ ಬಂತು.

"ಎರಡು ರೊಟ್ಟಿ ತಗೋತಾನ್ರಿ. ಮೂರನೇದು ಕೊಟ್ರ ಬ್ಯಾಡ ಅಂತಾನ," ಎಂದ ನಿಧಾನವಾಗಿ. "ನಾ ಏಳೂದರಾಗ ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸಿರತಾನ್ರಿ. ಯಾರಂತ ತಿಳಿದಿರಲಿಲ್ಲ, ಅಡಗಿಯವರು ತುಂಬಿಸ್ಯಾರ ಅಂದಕೊಂಡಿದ್ದೆ. ನಿನ್ನಿ ಕುರುಡ ಮುದುಕಿಗೆ ಎಲಿ ಮುಂದ ಇಟ್ಟು, ಯಾವ ಮೂಲ್ಯಾಗ ಏನೈತಿ ಅಂತ ಆಕಿ ಬೆರಳು ಹಿಡದು ತೋರಿಸಾಕತ್ತಿದ್ದ."

"ಹಂಗಾರ ಎತ್ತ ತಿರಗತಾನ?"

ಮುರಿಗೆಪ್ಪನಿಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು. ಎದ್ದು ಹೊರಗೆ ಹೋದ. ಆ ಮನುಷ್ಯ ಹೊರಜಗಲಿಯಲ್ಲಿ ತನ್ನ ಗಂಟು ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ಸಂಜೆಯಾಗುವುದನ್ನು ಕಾಯುತ್ತ ಕುಳಿತಿದ್ದ. ಯಾರ ಮೇಲೂ ಸಿಟ್ಟಿಲ್ಲದ ಮುಖ. ಮುರಿಗೆಪ್ಪ ಅವನ ಗಂಟನ್ನು ಎತ್ತಿಕೊಂಡು ಬಂದು ಒಳಗಿನ ಗೂಟಕ್ಕೆ ಹಾಕಿದ. ಆ ಮನುಷ್ಯ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಸುಲಿದ ಕಾಳಿನ ಬುಟ್ಟಿ ಎತ್ತಿಕೊಂಡು ಅಡಿಗೆಮನೆಗೆ ಹೋದ.

ಮುರಿಗೆಪ್ಪ ಪುಸ್ತಕ ತಂದು ಗುರುಗಳ ಮುಂದೆ ಕುಳಿತ. ಹೊಸ ಸಾಲು ಗೀಚಿದ. ಪೆನ್ನು ಅಲ್ಲಿಯೇ ನಿಂತಿತು. ನಿಯಮದ ಮನುಷ್ಯ, ಪಾಪ, ಒಂದೇ ಮಧ್ಯಾಹ್ನದಲ್ಲಿ ಎಷ್ಟು ತಾನೇ ಬದಲಾದಾನು!

"ಅಜ್ಜಾರ, ಖಾನೆ ಖಾಲಿ ಬಿಡಬಾರದಂತ ನೀವ ಹೇಳೀರಿ. ಹೆಸರು, ತಂದಿ ಹೆಸರು, ಊರು ಅನ್ನೂವಲ್ಲೆ ನಾ ಏನ್ ಬರೀಲ್ರಿ?"

ಗುರುಗಳು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹಳೆಯ ಹಾಳೆಗಳನ್ನು ತಿರುವಿದರು. ತಮ್ಮ ಕೈಬರಹದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು:

"ನಿನ್ನ ಸಾಲಿನ್ಯಾಗ ನಾ ಬರದಂಗ ಬರಿ, ತಮ್ಮಾ; ಬಾವಿಕಟ್ಟಿ ಮ್ಯಾಲೆ ನಿನ್ನ ಬಿಟ್ಟು ಹ್ವಾದವರು ಏನೂ ಹೇಳಿರಲಿಲ್ಲ, ಒಂದು ಛಲೋ ಹೆಸರು, ಒಂದು ಛಲೋ ಊರು ನಾನ ಬರದೆ."